ನಾನು ಮನೆಯನ್ನು ಟೇಕ್ ಓವರ್ ಮಾಡಿದೆ!

ಇಂಗ್ಲಿಷಿನಲ್ಲಿ ನನಗೆ ಬಲು ಪ್ರಿಯವಾದ ಕ್ರಿಯಾಪದ 'ಟೇಕ್ ಓವರ್'. ದೊಡ್ಡ ಕಂಪನಿ ಸಣ್ಣದನ್ನು ನುಂಗಿದರೂ ಟೇಕ್ ಓವರ್, ಕಳೆ ತೋಟವನ್ನೆಲ್ಲ ಆವರಿಸಿದರೂ ಟೇಕ್ ಓವರ್, ದಣಿದ ಡ್ರೈವರನಿಂದ ಸ್ಟಿಯರಿಂಗ್ ವಹಿಸಿಕೊಂಡರೂ ಟೇಕ್ ಓವರ್! ಇವೆಲ್ಲಕ್ಕಿಂತ ಗಂಭೀರವಾದ ಅರ್ಥ ನಮ್ಮ ಪಂಪ್‌ಹೌಸಿನದು. ಊರಿಗೆಲ್ಲ ನೀರು ಬಿಡುವ ಆ ಪುಣ್ಯಸ್ಥಳದಲ್ಲಿ ನಾನು ಶಿಫ್ಟ್ ಇನ್‌ಚಾರ್ಜ್. ಡ್ಯೂಟಿಗೆ ಬಂದವನು ಮನೆಗೆ ಹೊರಟವನನ್ನು "ಏನೇನು ಓಡ್ತಾ ಇದೆ?" ಎಂದು ಕೇಳದೆ ಟೇಕ್ ಓವರ್ ಮಾಡಿದನೋ, ಅವನ ಗ್ರಹಚಾರ ಬಿಡಿಸುವವನು ನಾನೇ.

ಇಂಥವನ ಸಾಮರ್ಥ್ಯದ ಮೇಲೆ ಹೆಂಡತಿಗೆ ಅನುಮಾನ! ಅವಳು ಆಸ್ಪತ್ರೆಯಲ್ಲಿ ನರ್ಸ್. ಹೆಡ್ ನರ್ಸ್ ಆಗಬೇಕಾದರೆ ಬೇರೆ ಊರಿನಲ್ಲಿ ಒಂದು ವಾರದ ತರಬೇತಿ ಮುಗಿಸಬೇಕು. ಮನೆಯನ್ನು ನನ್ನ ಕೈಗೆ ಬಿಟ್ಟುಹೋಗಲು ಅವಳಿಗೆ ಧೈರ್ಯವಿಲ್ಲ.

"ಇವತ್ತೊಂದಿನ ಮನೆ ನೋಡ್ಕೊಳ್ಳಿ. ಸರಿಹೋದ್ರೆ ಹೋಗ್ತೀನಿ, ಇಲ್ಲಾಂದ್ರೆ ಆ ಪ್ರಮೋಷನ್ನೇ ಬೇಡ."

"ಊರನ್ನೇ ಸಂಭಾಳಿಸೋನಿಗೆ ಎರಡು ರೂಮಿನ ಮನೆ ಯಾವ ಲೆಕ್ಕ?"

ಡ್ಯೂಟಿಗೆ ಹೊರಟ ಅವಳು ಚಪ್ಪಲಿ ಮೆಟ್ಟುತ್ತಾ, "ರೀ, ಒಂದ್ನಿಮಿಷ, ಆ ವಾಷಿಂಗ್ ಮಷೀನು..." ಎಂದಳು.

"ಟೇಕ್ ಓವರ್ ಆಯ್ತು! ನೀನು ಹೊರಡು!"

ಸಿಂಹಾಸನವೇರಿದ ಠೀವಿಯಲ್ಲಿ ಪೇಪರ್ ಬಿಡಿಸಿ ಕೂತೆ. ಸ್ವಲ್ಪ ಹೊತ್ತಿಗೆ ಪಾದ ತಣ್ಣಗಾಯಿತು. ಬಗ್ಗಿ ನೋಡಿದರೆ ನನ್ನ ಒಂದು ಚಪ್ಪಲಿ ತೇಲಿಬಂದು ಸೋಫಾದ ಬಳಿ ಲಂಗರು ಹಾಕುತ್ತಿತ್ತು! ಮಷೀನಿನ ಪೈಪು ಬಚ್ಚಲಿಗೆ ಹೋಗುವ ಬದಲು ನಡುಮನೆಯತ್ತ ಬಾಯಿ ತೆರೆದು ಬಿದ್ದಿತ್ತು. ನೊರೆನೀರು ನಡುಮನೆಯನ್ನು ಟೇಕ್ ಓವರ್ ಮಾಡಿ, ಬೆಡ್‌ರೂಮಿನ ಮೇಲೆ ದಂಡಯಾತ್ರೆ ಹೊರಟಿತ್ತು.

"ವಾಲ್ವ್!" ಎಂದು ಗರ್ಜಿಸಿದೆ. ಪಂಪ್‌ಹೌಸಿನಲ್ಲಾದರೆ ನಾಲ್ಕು ಜನ ಓಡುತ್ತಿದ್ದರು. ಇಲ್ಲಿ ನಾನೇ ತಾರಸಿಗೆ ಓಡಿ, ಟ್ಯಾಂಕಿನ ವಾಲ್ವನ್ನು ಬಿಗಿದು, ಮೀಸೆ ತಿರುವುತ್ತಾ ಇಳಿದೆ. ನೀರು ನಿಂತಿರಲಿಲ್ಲ, ಹೊಸ್ತಿಲು ದಾಟಿ ಮೆಟ್ಟಿಲಿಳಿಯುತ್ತಿತ್ತು. ಅದಕ್ಕೆ ಎದುರಾಗಿ ಕೆಳಮನೆಯ ಟೈಲರ್ ಮೆಟ್ಟಿಲೇರಿ ಬರುತ್ತಿದ್ದರು. ಸೊಂಟಕ್ಕೆ ಟವೆಲ್, ತಲೆ ತುಂಬ ಸೋಪು, ತೆರೆದಿದ್ದದ್ದು ಒಂದೇ ಕಣ್ಣು.

"ಏನ್ ಸಾರ್ ಇದು! ನನ್ನ ನಲ್ಲೀಲಿ ಹನಿ ನೀರಿಲ್ಲ, ಮೆಟ್ಟಿಲ ಮೇಲೆ ಹೊಳೆ!"

ನಾನು ಬಿಗಿದದ್ದು ಅವರ ಮನೆಯ ವಾಲ್ವ್!

"ಊರಿಗೆಲ್ಲ ನೀರು ಬಿಡೋರು ನೀವೇ ಅಲ್ವಾ?" ಎನ್ನುತ್ತಾ ಅವರು ಒಳಗೆ ಬಂದು ಮಷೀನಿನ ಸ್ವಿಚ್ ಆಫ್ ಮಾಡಿದರು. ನೀರು ನಿಂತಿತು! ಸ್ವಿಚ್ ಎಂಬುದೊಂದಿದೆ ಎಂದು ನನಗೇಕೆ ಹೊಳೆಯಲಿಲ್ಲವೋ ದೇವರೇ ಬಲ್ಲ.

"ಅಣ್ಣಾ, ನಿಮ್ಮ ಕಾಲಿಗೆ ಬೀಳ್ತೀನಿ, ಅವಳಿಗೆ ಹೇಳ್ಬೇಡಿ. ಪ್ರಮೋಷನ್ ಹೋಗಿಬಿಡುತ್ತೆ."

"ಮೊದ್ಲು ನನ್ನ ವಾಲ್ವ್ ತೆಗೀರಿ!"

ತೆಗೆದೆ. ಆಮೇಲೆ ಮಂಚ, ಬೀರು, ಸೋಫಾ ಎಲ್ಲವನ್ನೂ ಎಳೆದಾಡಿ, ಸೊಂಟ ಬೀಳುವವರೆಗೂ ಒರೆಸಿದೆ. ಆಗ ಬೀರುವಿನ ಅಡಿಯಿಂದ ಏನು ಬಂತು ಗೊತ್ತೇ? ಕಳೆದುಹೋಯಿತೆಂದು ಅವಳು ಅತ್ತು ಕರೆದಿದ್ದ ಕಿವಿಯೋಲೆ!

ಸಂಜೆ ಅವಳು ಬಾಗಿಲಲ್ಲೇ ನಿಂತುಬಿಟ್ಟಳು. "ಇದು ನಮ್ಮನೇನಾ?"

"ಮೂಲೆ ಮೂಲೆ ತೊಳೆದಿದ್ದೀನಿ" ಎಂದೆ. ಸುಳ್ಳೇನಲ್ಲವಲ್ಲ! ಓಲೆಯನ್ನು ಅಂಗೈಯಲ್ಲಿಟ್ಟಾಗ ಅವಳ ಕಣ್ಣು ತುಂಬಿತು.

"ಹಾಗಾದ್ರೆ ನಾನು ಹೋಗ್ತೀನಿ ರೀ."

ಗೆದ್ದೆ! ಆ ರಾತ್ರಿ ಚಕ್ರವರ್ತಿಯಂತೆ ಗೊರಕೆ ಹೊಡೆದೆ.

ಬೆಳಗ್ಗೆ ಅವಳ ಬ್ಯಾಗು ಸಿದ್ಧವಾಗಿತ್ತು. "ಟೇಕ್ ಓವರ್ ಆಯ್ತು, ಹೊರಡು!" ಎಂದು ಬಾಗಿಲು ತೆರೆದೆ.

"ನಿನ್ನೆ ಟೈಲರ್ ಅಣ್ಣ ಆಸ್ಪತ್ರೆಗೆ ಬಂದಿದ್ರು. ಕಣ್ಣಿಗೆ ಸೋಪು ಹೋಗಿ ಕೆಂಪಗಾಗಿತ್ತು. ನಾನೇ ಡ್ರಾಪ್ಸ್ ಹಾಕ್ದೆ" ಎಂದಳು.

ತೆರೆದ ಬಾಗಿಲನ್ನು ಮೆಲ್ಲಗೆ ಮುಚ್ಚಿದೆ. "ಎಲ್ಲಾ ಗೊತ್ತಿದ್ದೂ ಹೊರಟ್ಯಾ?"

"ಕೆಡಿಸಿದ್ದನ್ನ ನೀವೇ ಸರಿಮಾಡಿದ್ರಲ್ಲ, ಅದಕ್ಕೇ. ಈಗ ನಿಮ್ಮ ಪಂಪ್‌ಹೌಸಲ್ಲಿ ಕೇಳ್ತಾರಲ್ಲ, ಅದನ್ನ ಕೇಳಿ."

ಕೈಕಟ್ಟಿ ನಿಂತು ಕೇಳಿದೆ: "ಏನೇನು ಓಡ್ತಾ ಇದೆ?"

ಅವಳು ಬ್ಯಾಗು ಕೆಳಗಿಟ್ಟು, ಕುರ್ಚಿ ಎಳೆದು ಕೂತಳು.

"ನೀವೂ ಕೂತ್ಕೊಳ್ಳಿ. ಬಸ್ಸು ಮಧ್ಯಾಹ್ನಕ್ಕೆ. ಅಷ್ಟರೊಳಗೆ ಅಡುಗೆಮನೇದಾದ್ರೂ ಹೇಳಿ ಮುಗಿಸ್ತೀನಿ!"