ನಲ್ಲಿ ಬೀದಿಯಿಂದ ಕಚೇರಿಯ ಕೂಲರ್ ಮಹಾಶಯರಿಗೆ

ಮಾನ್ಯ ಕೂಲರ್ ಮಹಾಶಯರೇ,

ಶ್ರೀನಿವಾಸಪುರದ ನಲ್ಲಿ ಬೀದಿಯ ಸಮಸ್ತ ಖಾಲಿ ಬಿಂದಿಗೆಗಳ ಪರವಾಗಿ, ಕಚೇರಿಯ ಎದುರುಮನೆಯ ವೆಂಕಟರತ್ನಮ್ಮ ಮಾಡುವ ಸವಿನಯ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿ, ನಮ್ಮ ಬೇಸಿಗೆಯ ದೂರನ್ನು ಸನ್ನಿಧಾನದಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಈ ಎಂಬತ್ತಮೂರನೇ ಇಸವಿಯ ಬೇಸಿಗೆಯಲ್ಲಿ, ಮಾವಿನಕಾಯಿ ಮರದಲ್ಲೇ ಬೇಯುತ್ತಿದ್ದಾಗ, ತುಂಗಭದ್ರಾ ಕಾಲುವೆಯ ಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿ ಚನ್ನರಾಯಪ್ಪನವರು ತಮ್ಮನ್ನು ಲಾರಿಯಲ್ಲಿ ಕರೆತಂದು ಕಚೇರಿಯ ಕಿಟಕಿಯಲ್ಲಿ ಪ್ರತಿಷ್ಠಾಪಿಸಿದರು. ಕಾಲುವೆ ನೀರು ಕುಡಿದು ಬೆಳೆದ ತಮಗೆ, ನಮ್ಮೂರ ನಲ್ಲಿ ಬೆಳಗ್ಗೆ ಒಂದಿಷ್ಟು ಕೆಮ್ಮಿ ಸುಮ್ಮನಾಗುತ್ತದೆಂಬುದನ್ನು ಯಾರೂ ತಿಳಿಸಲಿಲ್ಲವೆಂದು ಕಾಣುತ್ತದೆ. ಜವಾನ ಮುನಿರಾಮಪ್ಪನವರು ಸರ್ಕಾರದ ಹೆಸರಿನಲ್ಲಿ ಸಾಲಿನ ಮುಂದೆ ನಿಂತು ತಮಗಾಗಿ ಬಿಂದಿಗೆ ಮೇಲೆ ಬಿಂದಿಗೆ ಹೊತ್ತರು; ಹಿಂದೆ ನಿಂತ ನಮಗೆ ಕೆಮ್ಮು ಮಾತ್ರ ಸಿಕ್ಕಿತು. ತಂಪು ಓಡಿಹೋಗದಿರಲೆಂದು ಮಿಕ್ಕ ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರಿಂದ ತಮ್ಮ ಒದ್ದೆ ಉಸಿರಿಗೆ ಕಚೇರಿಯೇ ಇಡ್ಲಿ ಪಾತ್ರೆಯಾಗಿ, ಕಡತಗಳು ನೆನೆದ ಹಪ್ಪಳದಂತೆ ಬಾಗಿದವು. ಇಷ್ಟು ನೀರಿನಲ್ಲಿ ಇಷ್ಟು ಸೆಕೆ ತಯಾರಿಸಿದ ತಮ್ಮ ಪ್ರತಿಭೆಗೆ ನನ್ನ ಅಭಿನಂದನೆಗಳು.

ಆದರೆ ಪಕ್ಕದ ಮನೆಯ ಬಚ್ಚಮ್ಮನವರಿಗೆ ತಮ್ಮ ಪ್ರತಿಭೆ ಅರ್ಥವಾಗಲಿಲ್ಲ. ಅವರ ಮಗಳು ಹೆತ್ತು ವಾರವೂ ಆಗಿರಲಿಲ್ಲ. ಒಂದು ದಿನ ಕೂಸಿಗೆ ನೀರು ಹಾಕಲು ಮನೆಯಲ್ಲಿ ಹನಿ ನೀರಿಲ್ಲದೆ, ಅವರು ಖಾಲಿ ಬಿಂದಿಗೆಯನ್ನು ಸೊಂಟಕ್ಕಿಟ್ಟುಕೊಂಡು ನೇರ ಅಧಿಕಾರಿಗಳ ಮುಂದೆ ನಿಂತರು.

“ಏನ್ ಸಾರ್, ಈ ಡಬ್ಬಕ್ಕೆ ಜ್ವರ ಬಂದೈತಾ? ಹೊತ್ತುಟ್ಟಿದಾಗಿಂದ ನೀರೇ ಕುಡೀತೈತೆ! ನಮ್ ಬಾಣಂತಿ ಏನ್ ಮಾಡ್ಬೇಕು?”

ಚನ್ನರಾಯಪ್ಪನವರ ಮುಖ ಕೆಂಪಾಯಿತು. ಎದ್ದು ಬಂದು, ಕೂಲರ್ ಮಹಾಶಯರೇ, ತಮ್ಮ ಹೊಟ್ಟೆಯ ನೀರನ್ನು ಕೈಯಾರೆ ಚೊಂಬಿನಲ್ಲಿ ಮೊಗೆದು ಬಚ್ಚಮ್ಮನವರ ಬಿಂದಿಗೆ ತುಂಬಿಸಿದರು. ಕೂಸು ಅಂದು ತಮ್ಮ ಲಾವಂಚದ ತಟ್ಟಿಯ ಘಮದಲ್ಲಿ ಮಿಂದು, ಜಮೀನ್ದಾರರಂತೆ ನಿದ್ದೆ ಹೋಯಿತು.

ಆ ತುಂಬಿದ ಬಿಂದಿಗೆ ಹೊತ್ತ ಮುನಿರಾಮಪ್ಪನವರ ಹಿಂದೆಯೇ ಕ್ಷಮೆ ಕೇಳಲು ಬಂದ ಅಧಿಕಾರಿಗಳು ಬಚ್ಚಮ್ಮನವರ ಹೊಸ್ತಿಲು ದಾಟಿ ಹಾಗೇ ನಿಂತುಬಿಟ್ಟರು. ತಗಡಿನ ಮನೆ, ಆದರೂ ಒಳಗೆ ತಣ್ಣಗಿತ್ತು.

“ನಿಮ್ಮನೇಲಿ ಸೆಕೆ ಇಲ್ವೇನಮ್ಮಾ?”

“ಮೇಲೆ ರಾಗಿಹುಲ್ಲು ಐತೆ, ಕುಂಬಳದ ಬಳ್ಳಿ ಐತೆ. ಪಾತ್ರೆ ತೊಳೆದ ನೀರಿಗೇ ಹಬ್ಬೈತೆ. ತಂಪಿಗಲ್ಲ ಸಾರ್, ಕಾಯಿಗೆ ಹಾಕಿದ್ದು!”

ಅವರು ಮಜ್ಜಿಗೆ ತರುವಷ್ಟರಲ್ಲಿ ಸರ್ಕಾರವು ಗೋಡೆಗೊರಗಿ ಗೊರಕೆ ಹೊಡೆಯುತ್ತಿತ್ತು.

ಮರುದಿನವೇ ಕಚೇರಿಯ ಕಿಟಕಿಗಳೆಲ್ಲ ತೆರೆದವು. ಬಾಯಿ ಮುಚ್ಚಿದ್ದು ತಾವೊಬ್ಬರೇ. ತಾರಸಿಗೆ ಸುಣ್ಣ ಬಿತ್ತು, ಅದರ ಮೇಲೆ ರಾಗಿಹುಲ್ಲು ಹರಡಿತು; ಕೈತೊಳೆಯುವ ಬಚ್ಚಲ ಬಾಯಲ್ಲಿ ಊರಿದ ಕುಂಬಳದ ಬೀಜ ಗೋಡೆ ಹತ್ತಿ ಈಗ ಹೂ ಬಿಟ್ಟಿದೆ. ಬಳ್ಳಿ ಬಿಡುವ ಕಾಯಿ ಇಲಾಖೆಯದೋ ಮುನಿರಾಮಪ್ಪನವರದೋ ಎಂಬ ವಾದ ಮಾತ್ರ ಇನ್ನೂ ಬಿಸಿಯಾಗಿದೆ. ನಲ್ಲಿಯ ಮುಂದೆ ಅವರೂ ಈಗ ನಮ್ಮಂತೆಯೇ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ, ನಮಗಿಂತ ಹೆಚ್ಚು ಬೈಯುತ್ತಾರೆ.

ಆದ್ದರಿಂದ ತಾವು ಕೃಪೆಮಾಡಿ ಕಾಲುವೆಯ ಸೀಮೆಗೆ ಕಾಲ್ನಡಿಗೆಯಲ್ಲಾದರೂ ಮರಳಬೇಕು, ಅದಾಗದಿದ್ದರೆ ನೀರಿಲ್ಲದೆ ಬೀಸುವುದನ್ನು ನಮ್ಮ ಹೊಂಗೆಮರದ ಬಳಿ ಕಲಿಯಬೇಕು, ಅದೂ ಕಷ್ಟವೆನಿಸಿದರೆ ಬಾಯಾರದಂತೆ ಸುಮ್ಮನಿರಬೇಕೆಂದು ಬೇಡುವ

ತಮ್ಮ ವಿಶ್ವಾಸಿ,
ವೆಂಕಟರತ್ನಮ್ಮ

ಮತ್ತೊಂದು ಮಾತು: ಕಚೇರಿ ತಂಪಾದದ್ದು ತಮ್ಮಿಂದಲೇ ಎಂದು ಯಾರೋ ಮೇಲಕ್ಕೆ ವರದಿ ಬರೆದು, ಮಾಲೂರಿಗೂ ಮುಳಬಾಗಿಲಿಗೂ ತಮ್ಮ ಅಣ್ಣತಮ್ಮಂದಿರು ಮಂಜೂರಾಗಿದ್ದಾರಂತೆ. ಸಂತೋಷ. ಬರುವಾಗ ಅವರವರ ಪಾಲಿನ ಮಳೆಯನ್ನೂ ಲಾರಿಗೆ ಹತ್ತಿಸಿಕೊಂಡು ಬರಲು ಹೇಳಿ.