ಬಸಣ್ಣನ ಒಲ್ಲೆ

‘ಹೌದು’, ‘ಒಲ್ಲೆ’ ಎಂಬ ಎರಡು ಮಾತು ಕಲಿಯಲು ನನಗೆ ಬಿದ್ದ ಖರ್ಚು ಒಂದು ದೇವಣಿ ತಳಿಯ ಹೋರಿ ಮಾರಿಸಿ ಗಳಿಸಿದಷ್ಟು. ಅದರಲ್ಲಿ ಉಮರ್ಗಾದ ಡಾಕ್ಟರರ ಫೀಸು, ಗುಂಜೋಟಿಗೆ ಹೋಗಿಬರುವ ಟಾಂಗಾ, ಟಾಂಗಾದ ಕುದುರೆಗೆ ಹುಲ್ಲು, ಡಾಕ್ಟರರ ಚಹಾದ ಜೊತೆಗೆ ಬಿಸ್ಕೀಟು, ಎಲ್ಲ ಬಂತು. ಬೇರೆಯವರ ರೋಗಕ್ಕೆ ನೀನೇಕೆ ಗಂಟು ಬಿಚ್ಚಿದೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯಂತೂ ಕೇಳಿದಳು. ಧರ್ಮಕ್ಕೆ ಬಿಚ್ಚಿದ್ದಲ್ಲ. ನಾನು ದನದ ದಲ್ಲಾಳಿ. ದಲ್ಲಾಳಿಗೆ ಎದುರು ದಲ್ಲಾಳಿ ಇಲ್ಲದಿದ್ದರೆ ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಿದಂತೆ. ಕೊಳ್ಳುವವನ ಕಡೆ ನಾನು ನಿಂತರೆ, ಮಾರುವವನ ಕಡೆ ಗುಂಜೋಟಿಯ ಬಸಣ್ಣ ನಿಲ್ಲುತ್ತಿದ್ದ. ಮುರುಮದ ಸಂತೆಯಿಂದ ಉದಗೀರದ ಪೇಟೆಯವರೆಗೆ ನಾವಿಬ್ಬರೂ ಒಬ್ಬರನ್ನೊಬ್ಬರು ಜಗ್ಗಾಡಿಕೊಂಡೇ ಮನೆಮಠ ಮಾಡಿಕೊಂಡವರು. ಅಂಥವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ನಾಲಿಗೆ ಒಟ್ಟಿಗೇ ಬಿದ್ದುಹೋದವು ಎಂದರೆ ಅರ್ಧ ಅಂಗಡಿ ನನ್ನದೂ ಮುಚ್ಚಿದಂತೆಯೇ.

ನಮ್ಮ ಕಸುಬಿನಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಹೆಗಲ ಮೇಲಿನ ಟವೆಲ್ಲನ್ನು ಇಬ್ಬರ ಕೈ ಮೇಲೆ ಹೊದಿಸಿ, ಒಳಗೆ ಬೆರಳು ಹಿಡಿಯುವುದು. ಎಷ್ಟು ಬೆರಳು ಹಿಡಿದರೆ ಅಷ್ಟು. ಒಪ್ಪಿಗೆಯಾದರೆ ಒತ್ತಬೇಕು, ಇಲ್ಲದಿದ್ದರೆ ಕೊಡವಬೇಕು. ಅದು ಹತ್ತೋ ನೂರೋ ಎಂಬುದನ್ನು ಬೆರಳು ಹೇಳುವುದಿಲ್ಲ, ಎದುರಿಗೆ ನಿಂತ ಎತ್ತೇ ಹೇಳುತ್ತದೆ. ಕಣ್ಣಿಗೆ ಕಾಣುವುದನ್ನು ಬೆರಳಿನ ಮೇಲೆ ಏಕೆ ಹೊರಿಸಬೇಕು? ಮನೆಯ ಮಗನಂತೆ ಸಾಕಿದ ಎತ್ತಿನ ಮುಂದೆ ಅದರ ಬೆಲೆಯನ್ನು ಕೂಗಬಾರದು ಎಂಬ ಮರ್ಯಾದೆಯೂ ಅದರಲ್ಲಿತ್ತು. ಪೋಲೀಸ್ ಆ್ಯಕ್ಷನ್ ಆಗಿ ನಿಜಾಮರ ಕಾಲ ಮುಗಿದ ಮೇಲೆ ಹೊಸ ಅಧಿಕಾರಿಗಳು ಸಂತೆಯಲ್ಲಿ ಒಂದು ದೊಡ್ಡ ಕರಿಹಲಗೆ ನಿಲ್ಲಿಸಿ, ಎಲ್ಲ ಬೆಲೆಯೂ ಎಲ್ಲರಿಗೂ ಕಾಣುವಂತೆ ಬರೆಯಬೇಕು ಎಂದರು. ಹಲಗೆ ಒಳ್ಳೆಯದಿತ್ತು. ಮಧ್ಯಾಹ್ನ ಅದರ ನೆರಳಿನಲ್ಲಿ ಕೂತು ನಾವು ಟವೆಲ್ಲಿನೊಳಗೆ ವ್ಯಾಪಾರ ಮಾಡುತ್ತಿದ್ದೆವು.

ಇನ್ನೊಂದು ನೇಮ ಎಲ್ಲಿಯೂ ಬರೆದದ್ದಲ್ಲ, ಆದರೆ ಎಲ್ಲರ ರಕ್ತದಲ್ಲಿ ಇದ್ದದ್ದು: ಮೊದಲ ಮಾತಿಗೆ ಒಪ್ಪಬಾರದು. ಸಂತೆಯಲ್ಲಷ್ಟೇ ಅಲ್ಲ, ಬೀಗರ ಮನೆಯ ಚಹಾಕ್ಕೂ ಅದೇ ನೇಮ. ಅವರು ಕೇಳಬೇಕು, ನಾವು ‘ಬ್ಯಾಡ್ರಿ’ ಅನ್ನಬೇಕು; ಮತ್ತೆ ಕೇಳಬೇಕು, ಮತ್ತೆ ‘ಬ್ಯಾಡ್ರಿ’; ಮೂರನೆಯ ಸಲಕ್ಕೆ ಬಟ್ಟಲು ಕೈಗೆ ಬರಬೇಕು. ನಿಲಂಗಾದ ಕಚೇರಿಗೆ ಪುಣೆಯ ಕಡೆಯಿಂದ ಹೊಸದಾಗಿ ಬಂದ ಒಬ್ಬ ಗುಮಾಸ್ತ ನನ್ನನ್ನು ‘ಚಹಾ?’ ಎಂದು ಕೇಳಿದ. ನಾನು ನಾಚಿಕೆಯಿಂದ ಬೇಡವೆಂದೆ. ‘ಬರಂ’, ಹಾಗಾದರೆ ಸರಿ, ಎಂದು ತಾನೊಬ್ಬನೇ ಕುಡಿದ. ಅವನು ಕಟ್ಟಕಡೆಯ ಗುಟುಕು ಕುಡಿಯುವವರೆಗೂ ನಾನು ಎರಡನೆಯ ಸಲ ಕೇಳಿಯಾನೆಂದು ಕಾಯುತ್ತ ಕೂತಿದ್ದೆ. ಕೆಟ್ಟವನಲ್ಲ ಆತ. ಅವನ ಊರಿನಲ್ಲಿ ಬೇಡ ಎಂದರೆ ಬೇಡ.

ಉಮರ್ಗಾದ ಡಾಕ್ಟರರೂ ಹಾಗೆಯೇ. ಫೀಸಿನಲ್ಲಿ ಚೌಕಾಸಿ ಮಾಡಲು ಹೋದೆ, ‘ಏಕಚ್ ಭಾವ, ಒಂದೇ ದರ’ ಎಂದು ಬಾಯಿ ಮುಚ್ಚಿಸಿದರು. ಒಂದೇ ಮಾತಿನ ಮನುಷ್ಯ ರೋಗಿಗೂ ಒಂದೇ ಮಾತಿನ ವ್ಯವಸ್ಥೆ ಮಾಡಿದರು. ಬಸಣ್ಣನ ಎಡಗೈ ಎತ್ತಿ ಹಿಡಿದು, ಅವನ ಹೆಂಡತಿ ಕಾಶಮ್ಮನಿಗೆ ಹೇಳಿದರು, “ತಲಿ ಶಾಬೂತ ಅದ, ಎಲ್ಲಾ ತಿಳೀತದ. ಏನ ಬೇಕಂತ ಕೇಳ್ರಿ. ಕೈ ಒತ್ತಿದ್ರ ಹೌದು, ಕೊಡವಿದ್ರ ಒಲ್ಲೆ. ಒಂದೇ ಸಲ ಕೇಳ್ರಿ, ಬಸ್. ಮತ್ತ ಮತ್ತ ಕೇಳಿ ರೋಗಿಗೆ ತ್ರಾಸ ಕೊಡಬ್ಯಾಡ್ರಿ.” ಎಷ್ಟು ಚೆಂದದ ಉಪಾಯ ಅನ್ನಿಸಿತು. ಕೊಟ್ಟ ಹಣಕ್ಕೆ ಮೋಸವಿಲ್ಲ ಎಂದುಕೊಂಡು ಸಂತೆಗೆ ಹೋದೆ.

ಮುಂದಿನ ಸಂತೆಗೆ ಗುಂಜೋಟಿಯವರು ಸುದ್ದಿ ತಂದರು, ಬಸಣ್ಣ ಅನ್ನನೀರು ಬಿಟ್ಟಿದ್ದಾನೆ ಎಂದು. ಹೋಗಿ ನೋಡಿದೆ. ಕೆನ್ನೆ ಒಳಗೆ ಹೋಗಿ, ಮೂಗು ಮಾತ್ರ ದೊಡ್ಡದಾಗಿ ಉಳಿದಿತ್ತು. ಕಾಶಮ್ಮ ಗಂಜಿಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ಕೂತಿದ್ದಳು.

“ಯಣ್ಣಾ, ಗಂಜಿ ಕೊಡ್ಲೇನ್ರೀ ಅಂದ್ರ ಕೈ ಕೊಡವ್ತಾರ. ನೀರ ಕೇಳಿದ್ರೂ ಕೊಡವ್ತಾರ. ನಿದ್ದಿ ಹತ್ತಿದಾಗ ಅರಬಿ ತೋಯಿಸಿ ತುಟಿಗೆ ಹಿಂಡ್ತೀನಿ, ಅಷ್ಟ. ಡಾಕ್ಟರ್ ಒಂದೇ ಸಲ ಕೇಳಂದಾರ. ಸಾಯಬೇಕಂತ ಮನಸ ಮಾಡ್ಯಾರ, ನಾ ಏನ ಮಾಡ್ಲಿ?”

“ಬಾಯಿಗೆ ಸುರದ್ರ?”

“ಹಲ್ಲ ಕಚಗೊಂಡ ಕುಂಡರ್ತಾರ. ಹಟಮಾರಿ ಎತ್ತ ಮಾರಿದವರಲ್ಲೇನ್ರೀ, ಎತ್ತಿನ ಗುಣಾನೂ ಬಂದದ.”

ನಾನು ಹತ್ತಿರ ಕೂತು ಅವನ ಎಡಗೈ ಮುಟ್ಟಿದೆ. ಎಳೆದುಕೊಂಡ. ಎಡಗೈಯಲ್ಲಿ ವ್ಯಾಪಾರ ಮಾಡಿದವನಲ್ಲ, ನಾಚಿಕೆ ಅವನಿಗೆ. ಹೆಗಲ ಮೇಲಿನ ಟವೆಲ್ ತೆಗೆದು ಹೊದಿಸಿದೆ. ಒಳಗೆ ಎಡವೋ ಬಲವೋ ಯಾರಿಗೆ ಕಾಣುತ್ತದೆ? ಕೈ ಕೊಟ್ಟ. “ಬಸಣ್ಣ, ಗಂಜಿ. ಹತ್ತು ಚಮಚ” ಎಂದು ಅವನ ಐದೂ ಬೆರಳನ್ನು ಎರಡು ಸಲ ಹಿಡಿದೆ. ಕೊಡವಿದ. ಕಾಶಮ್ಮ ನಿಟ್ಟುಸಿರುಬಿಟ್ಟಳು. ನಾನು ಏಳಲಿಲ್ಲ. ಕೊಡವಿದ ಮೇಲೆ ಎದ್ದು ಹೋಗುವವನು ದಲ್ಲಾಳಿಯೇ ಅಲ್ಲ. ಎಂಟು ಎಂದೆ. ಕೊಡವಿದ. ಏಳು. ಆಗ ಅವನ ಬೆರಳು ನನ್ನ ಬೆರಳುಗಳನ್ನು ಹುಡುಕಿಕೊಂಡು ಬಂದು ಮೂರನ್ನು ಹಿಡಿದವು. ಮೂರು ಚಮಚ ಎಂಬುದು ಅವನ ಬೆಲೆ. ನಾನು ಕೊಡವಿದೆ. ಐದಕ್ಕೆ ವ್ಯವಹಾರ ಕುದುರಿತು, ಅವನು ಒತ್ತಿದ. ಬಾಯಿಯ ಒಂದೇ ಬದಿ ಎದ್ದು, ಉದಗೀರದ ಪೇಟೆಯಲ್ಲಿ ನನ್ನನ್ನು ಬೋಳಿಸಿದಾಗಲೆಲ್ಲ ನಗುತ್ತಿದ್ದ ಆ ನಗೆ ಅರ್ಧ ಬಂತು.

ಅವನು ಸಾಯಲು ಹೊರಟಿರಲಿಲ್ಲ. ಎರಡನೆಯ ಸಲ ಕೇಳಲಿ ಎಂದು ಹಸಿದುಕೊಂಡು ಕಾಯುತ್ತಿದ್ದ. ಒಂದು ಪ್ರಶ್ನೆ, ಒಂದು ಉತ್ತರ ಎಂಬ ಡಾಕ್ಟರರ ಏರ್ಪಾಡಿನಲ್ಲಿ ತಪ್ಪಿರಲಿಲ್ಲ. ಅದು ಬೇರೆ ತಲೆಗೆ ಹೊಲಿದ ಟೋಪಿ ಅಷ್ಟೇ. ಹೈದರಾಬಾದು ರಾಜ್ಯ ಒಡೆದು ಕನ್ನಡದವರಾದ ನಮ್ಮನ್ನು ಬೊಂಬಾಯಿ ಕಡೆಗೆ ಸೇರಿಸಿದವರಾದರೆ ಒಂದು ಸಲವೂ ಕೇಳಲಿಲ್ಲ; ಈ ಡಾಕ್ಟರರು ಒಂದು ಸಲವಾದರೂ ಕೇಳಲು ಹೇಳಿದ್ದರು.

ಕಾಶಮ್ಮನಿಗೆ ಬೆರಳಿನ ಲೆಕ್ಕ ಕಲಿಸಿದೆ. “ಇಡೀ ಜನ್ಮ ನಿಮ್ಮ ಕೈಯಾಗ ಕೈ ಇಟ್ಟರು, ನನ್ನ ಕೈ ಹಿಡದದ್ದು ಲಗ್ನದಾಗ ಒಮ್ಮೆ” ಎಂದು ಟವೆಲ್ಲಿನೊಳಗೆ ಕೈ ಹಾಕಿದಳು. ಒಂದೇ ವಾರದಲ್ಲಿ ನನಗಿಂತ ಗಟ್ಟಿ ಆದಳು. ಹತ್ತಕ್ಕೆ ಶುರು ಮಾಡಿ ಏಳರ ಕೆಳಗೆ ಇಳಿಯುತ್ತಲೇ ಇರಲಿಲ್ಲ. ನೀರು, ಮಗ್ಗುಲು ಬದಲಿಸುವುದು, ಅಂಗಳಕ್ಕೆ ಮಂಚ ಒಯ್ಯುವುದು, ಎಲ್ಲಕ್ಕೂ ಚೌಕಾಸಿ. ಬಸಣ್ಣನ ಕೆನ್ನೆ ತುಂಬಿತು. ಸಂತೆ ಮುಗಿಸಿ ನಾನು ಹೋದಾಗ ಅವನು ಟವೆಲ್ ಕಡೆ ಕಣ್ಣು ತಿರುಗಿಸುತ್ತಿದ್ದ. ಎತ್ತಿಲ್ಲ, ಗಿರಾಕಿಯಿಲ್ಲ, ಆದರೂ ವ್ಯಾಪಾರ ನಡೆಯುತ್ತಿತ್ತು.

ಸುಗ್ಗಿ ಮುಗಿದ ಮೇಲೆ ಒಂದು ಸಂಜೆ ಹೋದೆ. ಎಂದಿನಂತೆ ಹೊದಿಸಿ, ಎಂದಿನಂತೆ ಹತ್ತು ಎಂದೆ. ಒತ್ತಿದ.

ಕಾಶಮ್ಮನ ಮುಖ ಅರಳಿತು. “ಹತ್ತೂ ಉಣ್ತಾರಂತ. ತಡೀರಿ, ಬಿಸಿ ಮಾಡಿ ತರ್ತೀನಿ” ಎಂದು ಒಳಗೆ ಓಡಿದಳು. ಒಲೆ ಊದುವ ಸದ್ದು ಕೇಳುತ್ತಿತ್ತು.

ದಲ್ಲಾಳಿ ಮೊದಲ ಮಾತಿಗೇ ಒಪ್ಪುವುದು ಒಂದೇ ಹೊತ್ತಿನಲ್ಲಿ. ಅಂಗಡಿ ಎತ್ತಿ ಊರು ಬಿಡುವಾಗ. ನಾನೇ ಇಳಿದೆ. “ಎಂಟು, ಬಸಣ್ಣ.” ಒತ್ತಿದ. “ಆರು.” ಒತ್ತಿದ. “ಒಮ್ಮೆರೆ ಒಲ್ಲೆ ಅನ್ನೋ ಮಾರಾಯ” ಎಂದೆ. ಜನ್ಮವಿಡೀ ಅವನಿಂದ ‘ಹೌದು’ ಅನ್ನಿಸಲು ಬೆವರು ಸುರಿಸಿದವನು, ಅಂದು ಒಂದು ‘ಒಲ್ಲೆ’ಗಾಗಿ ಅಂಗಲಾಚಿದೆ. ಏನು ಹೇಳಿದರೂ ಒತ್ತಿದ, ಮೆಲ್ಲಗೆ. ಕಾಶಮ್ಮ ತಂದ ಗಂಜಿ ಎರಡು ಚಮಚ ಒಳಗೆ ಹೋಯಿತು, ಉಳಿದದ್ದು ಗಲ್ಲದ ಮೇಲಿಂದ ಇಳಿಯಿತು. ಆಕೆ ಸೆರಗಿನಿಂದ ಒರೆಸುತ್ತ, “ಇವತ್ತ ಎಷ್ಟ ಶಾಣ್ಯಾ ಆಗ್ಯಾರ ನೋಡ್ರಿ” ಎಂದಳು. ನಾನು ಹೂಂ ಅಂದೆ. ಹೊತ್ತು ಮುಳುಗುವ ಮೊದಲೇ ಅವನ ಕೈ ನನ್ನ ಕೈಯಲ್ಲಿ ತಣ್ಣಗಾಯಿತು.

ಈಗ ಸಂತೆಯಲ್ಲಿ ನನ್ನೆದುರು ಹೊಸಬರು ನಿಲ್ಲುತ್ತಾರೆ. ಬೇಗ ಒಪ್ಪುತ್ತಾರೆ, ಲಾಭವೂ ಹೆಚ್ಚು. ಮನೆಗೆ ಬಂದಾಗ ಊಟ ಒಲ್ಲೆ ಅನ್ನಿಸುತ್ತದೆ. ನನ್ನ ‘ಒಲ್ಲೆ’ ಎಷ್ಟನೆಯ ಸಲಕ್ಕೆ ಖರೆ ಎಂದು ತಿಳಿದಿರಲಿ ಎಂದು ಹೆಂಡತಿಗೆ ಹೇಳಿಕೊಡಲು ಹೋದೆ. “ನಾ ಯಾವಾಗ ಕೇಳೀನಿ ನಿಮಗ? ನೀಡಿಬಿಡ್ತೀನಿ, ಉಣ್ತೀರಿ” ಎಂದಳು. ಇಷ್ಟು ವರ್ಷ ಚೌಕಾಸಿ ಮಾಡಿದವನಿಗೆ ತನ್ನ ಮನೆಯಲ್ಲಿ ಯಾವ ಪದ್ಧತಿ ನಡೆಯುತ್ತಿದೆ ಎಂದೇ ಗೊತ್ತಿರಲಿಲ್ಲ.

ನಿಮಗೆ ಪುಕ್ಕಟೆ ಹೇಳುತ್ತೇನೆ, ಕೇಳಿ. ನಾಲಿಗೆ ಆಡುತ್ತಿರುವಾಗಲೇ ಮನೆಯ ಒಬ್ಬೊಬ್ಬರ ‘ಒಲ್ಲೆ’ಯ ಅಳತೆ ತಿಳಿದಿಟ್ಟುಕೊಳ್ಳಿ, ಡಾಕ್ಟರರು ಬಂದರೆ ಮೊದಲು ಅದನ್ನೇ ಅವರಿಗೆ ಹೇಳಿ. ಬೇಡ ಎಂದವರ ಹತ್ತಿರದಿಂದ ಬಟ್ಟಲು ಎತ್ತಿಕೊಂಡು ಹೋಗಬೇಡಿ, ಮತ್ತೊಮ್ಮೆ ಕೇಳಿ. ಹಟಮಾರಿ ಮನುಷ್ಯ ಒಂದು ದಿನ ಮೊದಲ ಮಾತಿಗೇ ಹೂಂ ಅಂದರೆ, ಗಂಜಿ ಬಿಸಿ ಮಾಡಲು ಮನೆಯವರನ್ನು ಒಳಗೆ ಕಳಿಸಬೇಡಿ. ಕರೆದು ಪಕ್ಕದಲ್ಲಿ ಕೂರಿಸಿ, ಅವನ ಕೈಯನ್ನು ಅವರ ಕೈಗೆ ಕೊಡಿ.