ಮೊದಲು ಫೋನ್ ಮಾಡಿ ಬನ್ನಿ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಅಮೇರಿಕಾದವನಿಗೆ ತಲೆ ಸರಿಯಿರಲಿಲ್ಲ ಎಂದು ನಾನು ಯಾವತ್ತೂ ಹೇಳಿದವನಲ್ಲ. ಊರಿನವರು ಹೇಳುತ್ತಿದ್ದರು. ನಾನು ಮನೆ ಮಾಲೀಕ, ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುವವನು, ನನ್ನ ಬಾಯಲ್ಲಿ ಅಂಥ ಮಾತು ಬರುವುದು ನ್ಯಾಯವಲ್ಲ. ಅವರು ಹೇಳಿದಾಗ ತಲೆ ಆಡಿಸುತ್ತಿದ್ದೆ, ಅಷ್ಟೆ!

ನೀವೇ ಹೇಳಿ. ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ಕಾಲ ಅದು. ಅಲ್ಲಿಗೆ ಬಂದ ಪರದೇಶದ ಇಂಜಿನಿಯರುಗಳೆಲ್ಲ ಬೆಂಗಳೂರಿನಲ್ಲಿ ಈಜುಕೊಳ ಇರುವ ಮನೆ ಹಿಡಿದು, ಎಸಿ ಕಾರಿನಲ್ಲಿ ನಿದ್ದೆ ಮಾಡುತ್ತಾ ಓಡಾಡುತ್ತಿದ್ದರು. ಇವನೊಬ್ಬ, "ಫ್ಯಾಕ್ಟರಿ ಇಲ್ಲಿ, ಮನೆ ಯಾಕೆ ಅಲ್ಲಿ?" ಎಂದು ಹೆಂಡತಿ ಮಗಳನ್ನು ಕರೆದುಕೊಂಡು ನಮ್ಮೂರು ಕೂಟಗಲ್ಲಿಗೆ ಬಂದ. ಹಳ್ಳಿಯಲ್ಲಿ ಇರಬೇಕೆಂಬುದು ಚಿಕ್ಕಂದಿನಿಂದಲೂ ಅವನ ಆಸೆಯಂತೆ. ಹಳ್ಳಿಯಲ್ಲಿ ಹುಟ್ಟಿದವರಿಗೇ ಇಲ್ಲದ ಆಸೆ!

ನಾನು ಏಳನೇ ಕ್ಲಾಸಿಗೆ ಸ್ಕೂಲಿಗೆ ಕೈಮುಗಿದು ಕರಣೆ ಹಿಡಿದವನು. ಗಾರೆ ಕೆಲಸ ಮಾಡುತ್ತಾ ಮೇಸ್ತ್ರಿಯಾಗಿ, ಆಮೇಲೆ ನನ್ನ ಕೈಯಾರೆ ಈ ಮನೆ ಕಟ್ಟಿದೆ. ಮನೆ ನೋಡಲು ಬಂದ ನೆಂಟರು ಬಣ್ಣ ನೋಡಿ, ಬಾಗಿಲಿನ ಕೆತ್ತನೆ ಸವರಿ, ಕಾಫಿ ಕುಡಿದು ಹೋಗುತ್ತಾರೆ. ಇವನು ಬಂದವನೇ ಬಚ್ಚಲಿಗೆ ನುಗ್ಗಿದ. ಒಂದು ಚೊಂಬು ನೀರು ನೆಲಕ್ಕೆ ಸುರಿದ. ಮಂಡಿಯೂರಿ ಕೂತು ಆ ನೀರು ಹರಿದು ತೂಬು ಸೇರುವವರೆಗೂ ಬಗ್ಗಿ ನೋಡಿದ. ಒಂದು ತೊಟ್ಟೂ ನಿಲ್ಲಲಿಲ್ಲ.

"ತುಂಬಾ ಚೆನ್ನಾಗಿದೆ ಸಾರ್," ಎಂದ.

ಬಚ್ಚಲಿನ ವಾಟ, ಅಂದರೆ ನೆಲದ ಇಳಿಜಾರು, ನೋಡಿ ಮೆಚ್ಚಿದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಾಡಿಗೆ ಇಳಿಸಿಬಿಟ್ಟೆ. ನನ್ನ ಹೆಂಡತಿ ಅವತ್ತು ನನ್ನನ್ನೂ ತಲೆ ಸರಿಯಿಲ್ಲದವರ ಕಡೆಗೆ ಸೇರಿಸಿದಳು.

ಊರಿನವರು ಅವನಿಗೆ ದೊರೆ ಎಂದು ಹೆಸರಿಟ್ಟರು, ಅವನ ಹೆಂಡತಿಗೆ ದೊರೆಸಾನಿ. ದೊರೆ ತನ್ನ ಡ್ರೈವರಿನಿಂದ ಒಂದಿಷ್ಟು ಕನ್ನಡ ಕಲಿತಿದ್ದ. ಆ ಕನ್ನಡದಲ್ಲಿ ಎಲ್ಲರೂ "ಸಾರ್" ಆಗಿದ್ದರು. ನಾನು ಸಾರ್, ಹಾಲಿನವನು ಸಾರ್, ನಮ್ಮ ಎಮ್ಮೆ ದಾರಿಗೆ ಅಡ್ಡ ನಿಂತರೆ ಅದೂ ಸಾರ್!

ಬಂದ ಹೊಸದರಲ್ಲಿ ಮಹಡಿಯ ಮೆಟ್ಟಿಲು ಬಿಡುವಿಲ್ಲದೆ ಸವೆಯಿತು. ಅಮೇರಿಕಾದವರು ಏನು ತಿನ್ನುತ್ತಾರೆ, ಎಲ್ಲಿ ಮಲಗುತ್ತಾರೆ, ಪಾತ್ರೆ ಹೇಗೆ ತೊಳೆಯುತ್ತಾರೆ, ಊರಿಗೆ ತಿಳಿಯಬೇಡವೇ? ಎಲ್ಲರಿಗಿಂತ ಮುಂದೆ ನಮ್ಮ ಪಕ್ಕದ ಮನೆಯ ದೊಡ್ಡಮ್ಮ. ನಮ್ಮಪ್ಪನ ಅಣ್ಣನ ಹೆಂಡತಿ. ಬಾಗಿಲು ಇರುವುದು ನಾಯಿ ಒಳಗೆ ಬರದಿರಲಿ ಎಂದು, ಮನುಷ್ಯರಿಗೆ ಅಲ್ಲ ಎಂದು ನಂಬಿದವಳು. ನೇರವಾಗಿ ಅಡುಗೆಮನೆಗೆ ಹೋಗಿ, ಫ್ರಿಜ್ಜು ತೆಗೆದು, ಸೊಪ್ಪು ಸೌತೆಕಾಯಿ ಎತ್ತಿ ನೋಡಿ, "ಇದೇನವ್ವಾ, ಹಸೀದೇ ತಿಂತೀರಾ? ಒಲೆ ಹತ್ಸಾಕೆ ಬರಲ್ವಾ?" ಎಂದು ದೊರೆಸಾನಿಯನ್ನು ವಿಚಾರಿಸಿ, ಕನ್ನಡ ಬಾರದ ಆಕೆ ನಕ್ಕರೆ ತಾನೂ ನಕ್ಕು ಇಳಿದು ಬರುತ್ತಿದ್ದಳು.

ಒಂದು ಭಾನುವಾರ ಅದು ಅತಿಯಾಯಿತು. ಬಿಸಿಲೇರಿದರೂ ದೊರೆ ಹಾಸಿಗೆಯಲ್ಲೇ ಇದ್ದ. ರಜದ ದಿನ, ಅವರ ಪದ್ಧತಿ. ದೊಡ್ಡಮ್ಮನಿಗೆ ಆ ಪದ್ಧತಿ ಎಲ್ಲಿ ಗೊತ್ತು? ಮಲಗುವ ಕೋಣೆಗೇ ಹೋಗಿ, ಹೊದಿಕೆ ಎಳೆದು, ಅವನ ಹಣೆ ಮುಟ್ಟಿ ನೋಡಿದ್ದಾಳೆ. ದೊರೆ ಚಡ್ಡಿಯಲ್ಲಿ ಎದ್ದು ಕೂತು ಕಿರುಚಿದ್ದಾನೆ. ದೊಡ್ಡಮ್ಮ ಮೆಟ್ಟಿಲ ಮೇಲಿಂದಲೇ ನನಗೆ ವರದಿ ಒಪ್ಪಿಸಿದಳು:

"ಲೇ ಮಗಾ, ಜ್ವರ ಗಿರ ಏನೂ ಇಲ್ಲ ಕಣ್ಲಾ. ಬರೀ ಸೋಮಾರಿ!"

ಮಾರನೆಯ ದಿನ ಮಹಡಿ ಬಾಗಿಲಿಗೆ ಒಂದು ಬೋರ್ಡು ಬಂತು. ನನ್ನ ಮಗಳ ಕೈಯಲ್ಲೇ ಕನ್ನಡದಲ್ಲಿ ಬರೆಸಿದ್ದ: "ದಯವಿಟ್ಟು ಮೊದಲು ಫೋನ್ ಮಾಡಿ ಬನ್ನಿ." ಕೆಳಗೆ ಮೊಬೈಲ್ ನಂಬರು. ಅವನ ಮನಸ್ಸಿನಲ್ಲಿ ಅದು ಮರ್ಯಾದೆಯ ಮಾತು. ಬರಬೇಡಿ ಎಂದಿರಲಿಲ್ಲ, ದಯವಿಟ್ಟು ಎಂದೂ ಸೇರಿಸಿದ್ದ. ಆದರೆ ನಮ್ಮ ಕಡೆ ಒಬ್ಬರ ಮನೆಗೆ ಹೋಗಲು ಯಾರಾದರೂ ಫೋನ್ ಮಾಡುತ್ತಾರೆಯೇ? ಆ ದಿನಗಳಲ್ಲಿ ನಮಗೆ ಫೋನು ಬಂದರೆ ಎಲ್ಲೋ ಯಾರೋ ಸತ್ತರು ಎಂದು ಅರ್ಥ!

ದೊಡ್ಡಮ್ಮ ಮೊಮ್ಮಗಳಿಂದ ಬೋರ್ಡು ಓದಿಸಿ ಕೇಳಿದಳು. ಇನ್ನೊಂದು ಸಲ ಓದಿಸಿದಳು.

"ಅದೇನ್ ಮನೆನೋ ಡಾಕ್ಟ್ರ ಶಾಪೋ?" ಎಂದು ಸೆರಗು ಕೊಡವಿ ಇಳಿದು ಹೋದಳು.

ಟೀ ಅಂಗಡಿಯ ಹುಡುಗರು ಸ್ವಲ್ಪ ದಿನ ಆಟ ಆಡಿಸಿದರು. "ಹಲೋ ದೊರೆ, ನಿಮ್ ಮನೆ ಮುಂದ್ಲ ರೋಡಲ್ಲಿ ಓಯ್ತಾ ಇದೀವಿ, ಓಗ್ಬೋದಾ?" ಎಂದು ಫೋನ್ ಮಾಡುವುದು, ಅವನು ಪಾಪ, "ಹೋಗಿ ಸಾರ್, ಹೋಗಿ," ಎಂದು ಗಂಭೀರವಾಗಿ ಅಪ್ಪಣೆ ಕೊಡುವುದು! ಆಮೇಲೆ ಅದೂ ನಿಂತಿತು. ಬೀದಿಯಲ್ಲಿ ಎದುರಾದರೆ ಜನ ನಗುತ್ತಿದ್ದರು, ನಿಲ್ಲುತ್ತಿರಲಿಲ್ಲ. ಮೆಟ್ಟಿಲು ಹತ್ತುವವರು ಒಬ್ಬರೂ ಇಲ್ಲ.

ನಾನು ಬೆಳಿಗ್ಗೆ ಹೋಗಿ ಸಂಜೆ ಬರುವ ಗಂಡಸು, ನನಗೆ ಇದೆಲ್ಲ ಕಾಣಲಿಲ್ಲ. ಕಂಡವಳು ನನ್ನ ಹೆಂಡತಿ.

"ಅಲ್ಲಾ ಕಣ್ರೀ, ಆಯಮ್ಮ ಮಗೀನ ಇಸ್ಕೂಲಿಗೆ ಕಳ್ಸಿ ಬಾಲ್ಕನೀಲಿ ಕೂತ್ರೆ ಸಾಯಂಕಾಲದ್ವರ್ಗೂ ಅಲ್ಲೇ ಕೂತಿರ್ತದೆ. ಕಣ್ಣು ಊದ್ಕಂಡಿರ್ತದೆ."

"ಧೂಳಿಗೆ ಊದಿರ್ತದೆ ಬಿಡೇ."

"ಧೂಳಂತೆ! ನಾನು ಬೈರಾಪಟ್ಟಣದಿಂದ ಈ ಮನೆಗೆ ಬಂದೋಳು ಬಚ್ಚಲಾಗೆ ಎಷ್ಟು ಅತ್ತಿವ್ನಿ. ಅಷ್ಟು ದೂರ್ದಿಂದ ಬಂದೋಳಿಗೆ ಅಳು ಬರಲ್ವಾ? ನಂಗೊತ್ತಾಯ್ತದೆ ಸುಮ್ಕಿರಿ."

ಅದೇ ವಾರ ದೊರೆ ನನ್ನನ್ನು ಮೆಟ್ಟಿಲ ಹತ್ತಿರ ತಡೆದು ನಿಲ್ಲಿಸಿದ. ಮಾತು ಹುಡುಕುತ್ತಾ ಹೇಳಿದ: ಮಗಳಿಗೆ ಬೇಸಿಗೆ ರಜ ಬರುತ್ತದೆ. ರಜಕ್ಕೆ ತಾಯಿ ಮಗಳು ಅಮೇರಿಕಾಕ್ಕೆ ಹೋಗುತ್ತಾರೆ. "ನನ್ನ ಹೆಂಡತಿ ವಾಪಸ್ ಬರಲ್ಲ ಅಂತ ಹೇಳಿದಳು ಸಾರ್. ಇಲ್ಲಿ ತಾನು ಯಾರಿಗೂ ಬೇಡ ಅಂತ ಹೇಳಿದಳು." ಬೋರ್ಡನ್ನು ಆಗಲೇ ಕಿತ್ತು ಬಿಸಾಕಿದ್ದನಂತೆ. ಆದರೂ ಯಾರೂ ಬರಲಿಲ್ಲ. ಏನು ಮಾಡಬೇಕು?

ಅವತ್ತು ನನ್ನ ಸೈಟಿನಲ್ಲಿ ತಾರಸಿಗೆ ಮೋಲ್ಡು ಹಾಕುವ ಗಡಿಬಿಡಿ. ಕಾಂಕ್ರೀಟ್ ಮಿಕ್ಸರು ಬಂದು ನಿಂತಿದೆ, ಆಳುಗಳು ಕಾಯುತ್ತಿದ್ದಾರೆ. ಸ್ಕೂಟರ್ ಒದೆಯುತ್ತಲೇ ಹೇಳಿದೆ: "ಕರೀಬೇಕು ಸಾರ್! ಕರೀದೆ ಯಾರ್ ಬತ್ತಾರೆ? ಗಂಡ ಹೆಂಡ್ತಿ ಇಬ್ರೂ ಮನೆಮನೆಗೆ ಓಗಿ, ಕುಂಕುಮ ಕೊಟ್ಟು ಕರೀಬೇಕು. ಆಗ ಬರ್ದೆ ಎಲ್ಲಿಗೋದಾರು?"

ಯಾವುದಕ್ಕೆ ಕರೆಯಬೇಕು ಎಂದು ನಾನು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಇಬ್ಬರೂ ಹೊರಟರು ನೋಡಿ! ದೊರೆಗೆ ಇಸ್ತ್ರಿ ಮಾಡಿದ ಬಿಳಿ ಶರ್ಟು, ದೊರೆಸಾನಿಯ ಕೈಯಲ್ಲಿ ಹೊಸ ಕುಂಕುಮದ ಬಟ್ಟಲು. ನಮ್ಮ ಬೀದಿಯ ಒಂದು ಮನೆಯನ್ನೂ ಬಿಡದೆ ಹತ್ತಿದರು. "ಬರೋ ಭಾನುವಾರ, ನಾಲ್ಕು ಗಂಟೆಯಿಂದ ಆರು ಗಂಟೆ, ನಮ್ಮ ಮನೆಗೆ ಬನ್ನಿ ಸಾರ್." ಹೆಂಗಸರಿಗೂ ಸಾರ್.

"ಏನು ಇಸೇಸ?" ಎಂದು ಎಲ್ಲರೂ ಕೇಳಿದರು.

"ಏನೂ ಇಲ್ಲ. ಸುಮ್ಮನೆ."

ಕುಂಕುಮ ಕೊಟ್ಟು ಸುಮ್ಮನೆ ಕರೆಯುವವರು ಈ ಭೂಮಿಯ ಮೇಲೆ ಇದ್ದಾರೆಯೇ? ಊರು ತಲೆ ಕೆಡಿಸಿಕೊಂಡಿತು. ಕಡೆಗೆ ಎರಡು ಪಕ್ಷವಾಯಿತು. ದೊಡ್ಡಮ್ಮನ ಪಕ್ಷದ ಪ್ರಕಾರ ದೊರೆಸಾನಿ ಬಸುರಿ, ಇದು ಸೀಮಂತ, ಹೇಳಿಕೊಳ್ಳಲು ನಾಚಿಕೆ. ಟೀ ಅಂಗಡಿಯ ಪಕ್ಷದ ಪ್ರಕಾರ ಇದು ಗೃಹಪ್ರವೇಶ. ನಾನು ಟೀ ಕುಡಿಯಲು ಹೋದರೆ ನನ್ನ ಜೊತೆ ಗಾರೆ ಕಲಿತವನೊಬ್ಬ ಹತ್ತಿರ ಬಂದು ಭುಜದ ಮೇಲೆ ಕೈ ಇಟ್ಟ.

"ಮನೆ ಮಾರ್ಬುಟ್ಯಂತಲ್ಲೋ? ಒಂದ್ ಮಾತ್ ಹೇಳ್ಬಾರ್ದಾ? ಕಷ್ಟ ಯಾರ್ಗಿಲ್ಲ?"

ನನ್ನ ಕೈಯಾರೆ ಕಟ್ಟಿದ ಮನೆ! ಟೀ ಲೋಟ ಹಾಗೇ ಇಟ್ಟು ಬಂದೆ.

ಭಾನುವಾರ ನಾಲ್ಕು ಗಂಟೆಗೆ ಒಬ್ಬರೂ ಇಲ್ಲ. ದೊರೆಸಾನಿ ಟೆರೇಸಿನಲ್ಲಿ ಬಟ್ಟೆ ಹಾಸಿದ ಮೇಜಿನ ಮುಂದೆ, ತಾನೇ ಮಾಡಿದ ಕೇಕಿನ ಹಿಂದೆ ಒಬ್ಬಳೇ ನಿಂತಿದ್ದಳು. ಐದಾಯಿತು. ದೊರೆ ಮಹಡಿಯಿಂದ ಬೀದಿ ನೋಡುವುದು, ಗಡಿಯಾರ ನೋಡುವುದು, ಹೆಂಡತಿಯ ಮುಖ ಮಾತ್ರ ನೋಡದಿರುವುದು. ನಾಲ್ಕು ಗಂಟೆ ಎಂದರೆ ಎಮ್ಮೆಗೆ ಹುಲ್ಲು ಹಾಕಿ, ಹಾಲು ಕರೆದು, ಮುಖ ತೊಳೆದು, ಸೀರೆ ಉಟ್ಟು ಬರುವ ಹೊತ್ತು ಎಂದು ಅವನಿಗೆ ಹೇಗೆ ಬಿಡಿಸಿ ಹೇಳುವುದು?

ದೀಪ ಹಚ್ಚುವ ಹೊತ್ತಿಗೆ ಬೀದಿಗೆ ಬೀದಿಯೇ ಬಂತು! ರೇಷ್ಮೆ ಸೀರೆ, ಮಲ್ಲಿಗೆ ಹೂವು, ಬಾಳೆಹಣ್ಣಿನ ಚಿಪ್ಪು, ರವಿಕೆ ಬಟ್ಟೆ. ಒಂದು ಪಕ್ಷದವರ ಕೈಯಲ್ಲಿ ಹಸಿರು ಬಳೆ, ಇನ್ನೊಂದು ಪಕ್ಷದವರ ಕೈಯಲ್ಲಿ ಸ್ಟೀಲ್ ಕೊಡಪಾನ. ಕೇಕು ಹೆಬ್ಬೆರಳಷ್ಟು ಹೆಬ್ಬೆರಳಷ್ಟು ಹಂಚಿ ಮುಗಿಯಿತು. ನಿಂಬೆ ಪಾನಕ ಮುಗಿಯಿತು. ಜನ ಕೈ ಒರೆಸಿಕೊಂಡು, ಗೋಡೆಗೆ ಒರಗಿ, ಸಾಲಾಗಿ ಕೂತರು. ಏಳುವ ಲಕ್ಷಣವೇ ಇಲ್ಲ. ದೊರೆ ನನ್ನ ಕಿವಿಯಲ್ಲಿ ಕೇಳಿದ:

"ಯಾಕೆ ಕೂತರು ಸಾರ್?"

ನಾನು ಉತ್ತರ ಕೊಡುವ ಮೊದಲೇ ದೊಡ್ಡಮ್ಮ ಕೂಗಿದಳು: "ಎಲೆ ಯಾವಾಗಪ್ಪಾ ಹಾಕಾದು?"

ದೊರೆಸಾನಿಗೆ ಮಾತು ತಿಳಿಯಲಿಲ್ಲ, ಏನೋ ತಪ್ಪಾಯಿತು ಎಂದು ಮಾತ್ರ ತಿಳಿಯಿತು. ಮುಖ ಕೆಂಪಾಗಿ, ಬಾಗಿಲ ಕಡೆಗೆ ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಗಳಿಗೆ ಹೋದರೆ ಆಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಪೆಟ್ಟಿಗೆ ತುಂಬುತ್ತಾಳೆ ಎಂದು ನನಗೆ ಖಾತ್ರಿಯಾಯಿತು. ಜೊತೆಗೆ, ನಾನು ಕಟ್ಟಿದ ಮನೆಯಿಂದ ಕುಂಕುಮ ಕೊಟ್ಟು ಕರೆದ ಜನ ಹಸಿದುಕೊಂಡು ಇಳಿದು ಹೋಗುವುದೇ? ಮೆಟ್ಟಿಲು ಇಳಿದು ಕೆಳಗೆ ಓಡಿದೆ. ನನ್ನ ಹೆಂಡತಿ ಆಗಲೇ ಅಟ್ಟದಿಂದ ದೊಡ್ಡ ತಪ್ಪಲೆ ಇಳಿಸಿ, ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು.

"ನಂಗೊತ್ತಿತ್ತು. ಹಿಟ್ಟಿನ ಮೂಟೆ ಮ್ಯಾಕೆ ಎತ್ಕಂಡ್ ಓಗಿ. ಅಡ್ಗೆ ಅವ್ರ ಮನೇಲೇ ಆಗ್ಬೇಕು."

ದೊರೆಸಾನಿಯ ಅಡುಗೆಮನೆಗೆ ಹೆಂಗಸರು ನುಗ್ಗಿದರು. ಒಬ್ಬಳು ಈರುಳ್ಳಿ ಹೆಚ್ಚಿದಳು, ಒಬ್ಬಳು ಕಾಯಿ ತುರಿದಳು, ಒಬ್ಬಳು ಹೊಗೆ ಹೋಗಲಿ ಎಂದು ಕಿಟಕಿಯ ಪರದೆಯನ್ನೇ ಕಿತ್ತು ಮಡಿಚಿ ಇಟ್ಟಳು. ಮನೆಯೊಡತಿ ತನ್ನ ಅಡುಗೆಮನೆಯ ಮೂಲೆಯಲ್ಲಿ ನೆಂಟರ ಹಾಗೆ ನಿಂತಿದ್ದಳು. ಹಿಟ್ಟು ಬೆಂದಾಗ ದೊಡ್ಡಮ್ಮ ಮುದ್ದೆ ಕೋಲನ್ನು ಆಕೆಯ ಕೈಗೆ ತುರುಕಿದಳು.

"ಕರ್ದೋಳು ನೀನು, ನಾವ್ ತಿರುವಾದಾ? ತಿರುವವ್ವಾ! ಸೊಂಟ ಬಗ್ಸು ಒಸಿ!"

ಕೈಸನ್ನೆಗೆ ಭಾಷೆ ಬೇಕೇ? ದೊರೆಸಾನಿ ತಿರುವಿದಳು. ಬೆವರು ಸುರಿಸಿಕೊಂಡು, ಕೂದಲು ಮುಖಕ್ಕೆ ಅಂಟಿಸಿಕೊಂಡು ತಿರುವಿದಳು. ಗೋಲಿಯ ಗಾತ್ರದ ಗಂಟುಗಳಾದವು. ಊಟಕ್ಕೆ ಕೂತವನೊಬ್ಬ ಗಂಟು ಎತ್ತಿ ಎಲೆಯ ಪಕ್ಕಕ್ಕೆ ಇಟ್ಟ. ದೊಡ್ಡಮ್ಮ ನೋಡಿಬಿಟ್ಟಳು.

"ಯಾಕ್ಲಾ ಆಯ್ತಿದೀಯ? ನುಂಗು ಸುಮ್ನೆ! ನಿನ್ನೆಂಡ್ತಿ ಮೊದ್ಲು ಮಾಡಿದ್ ಮುದ್ದೇಲಿ ಗೋಡೆ ಕಟ್ಬೋದಿತ್ತು."

ಟೆರೇಸು ಬಿದ್ದು ಬಿದ್ದು ನಕ್ಕಿತು. ಗೋಡೆ ಕಟ್ಟುವವನು ನಾನು, ನಾನೂ ನಕ್ಕೆ. ಏನೆಂದು ತಿಳಿಯದೆ ದೊರೆಸಾನಿಯೂ ನಕ್ಕಳು. ಹೋಗುವಾಗ ದೊಡ್ಡಮ್ಮ ತಾನು ತಂದಿದ್ದ ಹಸಿರು ಬಳೆಗಳನ್ನು ಆಕೆಯ ಕೈಗೆ ತೊಡಿಸಿಯೇ ಬಿಟ್ಟಳು. "ದೊಡ್ಡಮ್ಮ, ಆಯಮ್ಮ ಬಸುರಿ ಅಲ್ಲ," ಎಂದೆ.

"ಈಗ ಅಲ್ದಿದ್ರೆ ಬಳೆ ಎಲ್ಲೋಯ್ತವೆ? ಕೈಲೇ ಇರ್ತವೆ ಬುಡು."

ಇದಾದ ಮೇಲೆ ಒಂದು ಸಂಜೆ ಕೆಲಸ ಬೇಗ ಮುಗಿಸಿ ಮನೆಗೆ ಬಂದೆ. ಗೇಟಿನ ಹತ್ತಿರ ದೊರೆ ನಿಂತಿದ್ದ. ಹೆಗಲಲ್ಲಿ ಬ್ಯಾಗು, ಗೇಟು ಅರ್ಧ ತೆರೆದಿದೆ, ಮನುಷ್ಯ ಒಳಗೂ ಹೋಗಿಲ್ಲ, ಹೊರಗೂ ಇಲ್ಲ. "ಯಾಕ್ ಸಾರ್ ನಿಂತ್ರಿ?" ಎಂದರೆ ನನ್ನ ಶರ್ಟು ಹಿಡಿದು ಪಕ್ಕಕ್ಕೆ ಎಳೆದುಕೊಂಡ.

ಜಗಲಿಯ ಮೇಲೆ ಹೆಂಗಸರು ಒಬ್ಬರ ಹಿಂದೆ ಒಬ್ಬರು ಕೂತು ತಲೆ ಬಾಚಿಕೊಳ್ಳುತ್ತಿದ್ದರು. ದೊಡ್ಡಮ್ಮನ ಮೊಣಕಾಲುಗಳ ನಡುವೆ ದೊರೆಸಾನಿ. ಯಾರೂ ಕರೆದಿರಲಿಲ್ಲವಂತೆ. ತಾನೇ ಇಳಿದು ಬಂದು, ಖಾಲಿ ಇದ್ದ ಜಾಗ ನೋಡಿ ಕೂತಳಂತೆ. ದೊಡ್ಡಮ್ಮ ಎಣ್ಣೆ ಹಚ್ಚುತ್ತಾ ಗೊಣಗುತ್ತಿದ್ದಳು: "ಇದೇನ್ ಕೂದ್ಲೋ, ಮುಸುಕಿನ ಜೋಳದ್ ಸಿಪ್ಪೇಲಿ ಇರ್ತದಲ್ಲ ಅಂಗೈತೆ. ಕೈಗೇ ಸಿಗಾಕಿಲ್ಲ. ಅಲ್ಲಾಡ್ಬ್ಯಾಡ ಕಣವ್ವಾ." ದೊರೆಸಾನಿ ಕಣ್ಣು ಮುಚ್ಚಿಕೊಂಡಿದ್ದಳು. ಜಡೆ ಮುಗಿಯುತ್ತಾ ಬಂದಂತೆ ಕೈ ಚಾಚಿ ತನ್ನ ಮಗಳನ್ನು ಎಳೆದು ಮುಂದೆ ಕೂರಿಸಿಕೊಂಡು, ನನ್ನ ಹೆಂಡತಿಯಿಂದ ಬಾಚಣಿಗೆ ಇಸಿದುಕೊಂಡಳು.

"ಬನ್ನಿ ಸಾರ್, ಒಳಗೆ ಹೋಗೋಣ," ಎಂದೆ ಮೆಲ್ಲಗೆ.

"ಬೇಡ. ನನ್ನ ನೋಡಿದರೆ ಎದ್ದುಬಿಡ್ತಾಳೆ." ಜಗಲಿಯಿಂದ ಕಣ್ಣು ತೆಗೆಯದೆ ಹೇಳಿದ: "ಬೆಳಿಗ್ಗೆ ಹೇಳಿದಳು. ಜೂನ್‌ಗೆ ವಾಪಸ್ ಬರ್ತಾಳಂತೆ."

ನನ್ನ ಗೇಟಿನ ಚಿಲಕ ಸ್ವಲ್ಪ ಸಡಿಲ, ಬಿಟ್ಟರೆ ಠಣ್ ಎಂದು ಬೀದಿಗೇ ಕೇಳುವ ಹಾಗೆ ಬಡಿದುಕೊಳ್ಳುತ್ತದೆ. ದೊರೆ ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಒಳಗಿನ ಜಡೆಗಳೆಲ್ಲ ಮುಗಿಯುವವರೆಗೆ, ಅಲ್ಲಾಡದೆ ನಿಂತೇ ಇದ್ದ.